ಮಂಡಿಯ ಇಂಜೆಕ್ಷನ್

ಗುರುವಾರ, ಹನ್ನೆರಡನೇ ತಾರೀಖು
ಅಂಗಡಿಯಿಂದ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನಾನು ಹಾಗೆ ಬರೆಯುವುದಿಲ್ಲ. ನೀನು ಅಲ್ಲಿ ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತು. ನಾವು ಇಲ್ಲಿ ಎಷ್ಟು ಕ್ಷೇಮ ಎನ್ನುವುದನ್ನು ಈ ಪತ್ರ ಓದಿ ನೀನೇ ತೀರ್ಮಾನಿಸು.

ಬರೆಯಲು ತಡಮಾಡಿದೆ, ಬೈದುಕೋ. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಬರೀ ಬೈಗುಳವಿತ್ತು, ಇನ್ನೊಂದು ಓದಿದರೆ ಯಾರೋ ಸತ್ತಿದ್ದಾರೆ ಎಂದು ನೀನು ಹೆದರುತ್ತಿದ್ದೆ. ಫೋನ್ ಮಾಡೋಣವೆಂದರೆ ನಿನ್ನ ಫೋನನ್ನು ಎತ್ತುವವನು ನಿನ್ನ ಗಂಡ. "ಸ್ನಾನಕ್ಕೆ ಹೋಗಿದಾಳೆ ಅತ್ತೆ" ಎನ್ನುತ್ತಾನೆ. ಅವನು ಹೇಳಿದಷ್ಟು ಸ್ನಾನ ಮಾಡಿದ್ದರೆ ನೀನು ಇಷ್ಟು ಹೊತ್ತಿಗೆ ಸವೆದು ಸೋಪಿನ ಚೂರಾಗಬೇಕಿತ್ತು. ಅಪ್ಪಿತಪ್ಪಿ ನಿನ್ನ ಕೈಗೆ ಕೊಟ್ಟರೂ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾನೆ, ಅವನ ಉಸಿರು ನನಗೆ ಕೇಳುತ್ತದೆ. ಅದಕ್ಕೇ ಇದನ್ನು ನೀನು ಕೆಲಸ ಮಾಡುವ ಹಲ್ಲಿನ ಸೆಟ್ ಲ್ಯಾಬಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಊಟದ ಬಿಡುವಿನಲ್ಲಿ ಓದು. ಮನೆಗೆ ತೆಗೆದುಕೊಂಡು ಹೋಗಬೇಡ.

ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರೆಂದು ನಿನ್ನ ಪಕ್ಕದ ಮೇಜಿನ ಗೆಳತಿ ಹೇಳಿದಳು. ಮೇಣದಲ್ಲಿ ಹಲ್ಲು ಕೂರಿಸುವಾಗ ಬೆರಳು ನಡುಗುತ್ತದಂತೆ. ಅವನು ತಿರುಚಿದ ಮಣಿಕಟ್ಟು ಅದು, ನಡುಗದೆ ಇನ್ನೇನು ಮಾಡೀತು. ಭಾರ ಎತ್ತಬೇಡ. ನೀರು ತುಂಬಿದ ಬಕೆಟ್ಟನ್ನು ಅವನೇ ಎತ್ತಲಿ, ಅವನ ಕೈಯಲ್ಲಿ ಬೇಕಾದಷ್ಟು ಶಕ್ತಿ ಇದೆಯಲ್ಲ.

ಈಗ ನೇರ ವಿಷಯಕ್ಕೆ ಬರುತ್ತೇನೆ. ಆ ಮುರಿದ ಕೈಯನ್ನು ಕುತ್ತಿಗೆಗೆ ಜೋತುಹಾಕಿಕೊಂಡೇ ನೀನು ಅವನ ಮನೆಗೆ ವಾಪಸು ಹೋದದ್ದು ನಿಮ್ಮಪ್ಪನ ಕಣ್ಣೀರು ನೋಡಲಾರದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ನಿನ್ನ ಚೀಲ ಹಿಡಿದು ಎಳೆದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಬಿಡು ಅಮ್ಮ. ಅಪ್ಪ ದಿನಾ ಬೆಳಿಗ್ಗೆ ಎದುರಿಗೆ ಕೂತು ಅಳ್ತಿರ್ತಾನೆ. ನನ್ ಕೈ ಮುರಿದ್ರೆ ಕೂಡ್ಕೊಳ್ಳುತ್ತೆ. ಅಪ್ಪನ್ನ ಸಾಯಿಸಿ ನಾನೇನು ಸುಖವಾಗಿರ್ಲಿ?"

ಮಗಳೇ, ಅದು ಅಳು ಅಲ್ಲ. ಆ ದಿನಗಳಲ್ಲಿ ನಿಮ್ಮಪ್ಪ ನಿನಗಾಗಿ ಒಂದು ಹನಿಯನ್ನೂ ಸುರಿಸಲಿಲ್ಲ. ಅದೊಂದು ಕಾಯಿಲೆ. ಔಷಧಿಯಿಂದ ಬಂದ ಕಾಯಿಲೆ. ಇದು ನನಗೂ ಗೊತ್ತಾದದ್ದು ಹೋದ ವಾರ. ಅಂದಿನಿಂದ ನನ್ನ ಮೈ ಉರಿಯುತ್ತಿದೆ, ಯಾರ ಮೇಲೆ ಮೊದಲು ಸಿಟ್ಟು ಕಾರಲಿ ಎಂದು ತಿಳಿಯದೆ ಪಾತ್ರೆಗಳ ಮೇಲೆ ಕಾರುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿನ್ನ ಮದುವೆಯಾದ ಮಾರನೆಯ ವರ್ಷ ನಿಮ್ಮಪ್ಪನಿಗೆ ಮೂತ್ರ ಕಟ್ಟಿಕೊಂಡಿತು. ಆಸ್ಪತ್ರೆಗೆ ಹೋದರೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದರು. ಹೆದರಬೇಡ, ಹತೋಟಿಯಲ್ಲಿದೆ. ಆ ಕ್ಯಾನ್ಸರ್ ಗಂಡಸರ ಹಾರ್ಮೋನನ್ನೇ ತಿಂದು ಬೆಳೆಯುತ್ತದಂತೆ. ಹಾರ್ಮೋನು ನಿಲ್ಲಿಸಿದರೆ ಅದಕ್ಕೆ ಉಪವಾಸ. ಅದಕ್ಕಾಗಿ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ರಕ್ತದ ರಿಪೋರ್ಟುಗಳೆಲ್ಲ ನೆಟ್ಟಗಿವೆ. ನೆಟ್ಟಗಿಲ್ಲದ್ದು ನಿಮ್ಮಪ್ಪನ ತಲೆ ಒಂದೇ.

"ಗಂಡು ಹಾರ್ಮೋನು ಪೂರ್ತಿ ಇಳಿದುಹೋಗುತ್ತೆ" ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನಿಮ್ಮಪ್ಪನಿಗೆ ಕ್ಯಾನ್ಸರ್ ಎನ್ನುವ ಮಾತೇ ಮರೆತುಹೋಯಿತು. ದಾರಿಯುದ್ದಕ್ಕೂ ಒಂದೇ ರಾಗ. "ಯಾರಿಗೂ ಗೊತ್ತಾಗಬಾರ್ದು. ತಮ್ಮನಿಗೂ ಬೇಡ, ಮಗಳಿಗಂತೂ ಬೇಡ್ವೇ ಬೇಡ." ನಿನ್ನ ಮೇಲೆ ನನ್ನಿಂದ ಆಣೆ ಹಾಕಿಸಿಕೊಂಡರು. ಆಣೆ ಮುರಿದರೆ ನಿನಗೆ ಕೇಡಾಗುತ್ತದೆಂದು ನಾನೂ ಬಾಯಿ ಹೊಲಿದುಕೊಂಡೆ. ಈಗ ಮುರಿಯುತ್ತಿದ್ದೇನೆ. ಆಣೆ ಉಳಿಸಿಕೊಂಡದ್ದರಿಂದ ನಿನಗಾದ ಕೇಡು ಏನು ಕಡಿಮೆಯೇ?

ಮೂರು ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ ಎಲ್ಲಿಗೆ ಹೋಗುತ್ತೀರಿ ಎಂದು ಬೀದಿಯವರು ಕೇಳುವುದಿಲ್ಲವೇ? ಅದಕ್ಕೆ ನಿಮ್ಮಪ್ಪ ಹುಡುಕಿದ ಉತ್ತರ ಮಂಡಿ. "ಮಂಡಿ ಸವೆದಿದೆ, ಇಂಜೆಕ್ಷನ್ ತಗೋತಿದೀನಿ." ಹೊಟ್ಟೆಗೆ ಚುಚ್ಚಿಸಿಕೊಂಡು ಬಂದು ಎರಡು ದಿನ ಬೀದಿಯಲ್ಲಿ ಕುಂಟುತ್ತಿದ್ದರು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನಮ್ಮ ಮನೆಯ ಸುಳ್ಳಿಗೆ ಎರಡು ಕಾಲಿದ್ದವು, ಯಾವುದು ಕುಂಟಬೇಕು ಎನ್ನುವುದೇ ಅವರಿಗೆ ನೆನಪಿರುತ್ತಿರಲಿಲ್ಲ. ಹೋಗುವಾಗ ಎಡಗಾಲು, ಬರುವಾಗ ಬಲಗಾಲು. ಎದುರು ಅಂಗಡಿಯ ದರ್ಜಿ ಒಂದು ದಿನ ಕೇಳಿಯೂ ಬಿಟ್ಟ, "ಏನು ಸ್ವಾಮಿ, ನೋವು ಆ ಕಡೆಯಿಂದ ಈ ಕಡೆಗೆ ವರ್ಗ ಆಯ್ತಾ?" ನನಗೆ ನಗು ತಡೆಯಲಾಗಲಿಲ್ಲ. ನಿಮ್ಮಪ್ಪ ನನ್ನನ್ನು ನುಂಗುವಂತೆ ನೋಡಿದರು.

ಇಂಜೆಕ್ಷನ್ನಿನಿಂದ ಮೈಯೆಲ್ಲ ಹಬೆಯಾಡಿದಂತೆ ಶಾಖ ಬರುತ್ತದೆ, ಬೆವರು ಸುರಿಯುತ್ತದೆ. ನನಗೆ ಮುಟ್ಟು ನಿಂತ ಕಾಲದಲ್ಲಿ ಆಗುತ್ತಿತ್ತಲ್ಲ, ಥೇಟ್ ಅದೇ. ಒಂದು ಸಲ ಅವರೇ ಬಾಯಿಬಿಟ್ಟು, "ನಿನಗೂ ಹೀಗೇ ಆಗ್ತಿತ್ತಾ?" ಎಂದು ಕೇಳಿದರು. "ಆಗ್ತಿತ್ತು, ಆವಾಗ ನೀವು ಕಿಟಕಿ ಮುಚ್ಚು, ಚಳಿ ಅಂತಿದ್ರಿ" ಎಂದೆ. ಎದ್ದು ಹೋಗಿ ತಾವೇ ಕಿಟಕಿ ತೆರೆದರು. ಆ ಶಾಖಕ್ಕೆ ಅವರು ಕಂಡುಕೊಂಡ ಮದ್ದು ಫ್ಯಾನು. ಊಟದ ಮೇಜಿನ ಮೇಲೆ ಒಂದು ಮೇಜಿನ ಫ್ಯಾನ್ ಇಟ್ಟು, ಗಾಳಿ ನೇರ ಮುಖಕ್ಕೆ ಬಡಿಯುವಂತೆ ಕೂರುತ್ತಿದ್ದರು. ನೀನು ಬಂದಾಗ ನೋಡಿದ್ದೀಯಲ್ಲ.

ಕಣ್ಣಿನ ತೊಂದರೆ ಶುರುವಾದದ್ದು ಅದರ ಬೆನ್ನಿಗೆ. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿಕೊಂಡಿರುವುದು, ಮರಳು ಎರಚಿದಂತೆ ಚುಚ್ಚುವುದು, ಕೆಂಪಗಾಗುವುದು. ಗಾಳಿ ತಾಗಿದರೆ ಸಾಕು, ದಳದಳ ನೀರು. ಗಾಜಿನ ಅಂಗಡಿಯವರಿಗೆ ಕಣ್ಣಲ್ಲಿ ನೀರು ಬಂದರೆ ಯಾರಾದರೂ ಏನು ಅಂದುಕೊಳ್ಳುತ್ತಾರೆ? ಗಾಜಿನ ಚೂರು. ನಾನೂ ಅದನ್ನೇ ಅಂದುಕೊಂಡೆ. ಹತ್ತಿಯನ್ನು ನೀರಲ್ಲಿ ಅದ್ದಿ ಹುಡುಕಿದೆ, ಏನೂ ಸಿಗಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ಆದರೆ ಅವಸರದವನು. "ಏನು ಕೆಲಸ?" ಎಂದ. ಗಾಜು ಕತ್ತರಿಸುವುದು ಎಂದೆವು. ಅಷ್ಟು ಕೇಳಿದ್ದೇ ಅವನ ಮುಖ ಅರಳಿತು, ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ ಬಂದ ಹಾಗೆ. "ಧೂಳು. ಕನ್ನಡಕ ಹಾಕ್ಕೊಂಡು ಕೆಲಸ ಮಾಡಿ. ಸಾಧ್ಯ ಆದ್ರೆ ಕೆಲಸಾನೇ ಬಿಡಿ." ಕೊನೆಗೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಬೇರೆ ಏನಾದ್ರೂ ಔಷಧಿ, ಇಂಜೆಕ್ಷನ್ ತಗೋತಿದೀರಾ?"

ನಿಮ್ಮಪ್ಪ ಕಣ್ಣು ಮಿಟುಕಿಸದೆ, "ಮಂಡಿಗೆ" ಎಂದರು.

ಡಾಕ್ಟರ ಹತ್ತಿರವೂ ಮಂಡಿ! ಊರಿಗೆ ಹೇಳಿದ ಸುಳ್ಳು ಊರಿಗೆ. ಕಣ್ಣು ನೋಡುವವನಿಗೂ ಅದನ್ನೇ ಹೇಳಿದರೆ ಅವನು ಏನನ್ನು ನೋಡಬೇಕು? ನಾನು ಪಕ್ಕದಲ್ಲೇ ಇದ್ದೆ. ಕಣ್ಣಿಗೂ ಆ ಇಂಜೆಕ್ಷನ್ನಿಗೂ ಏನು ಸಂಬಂಧ, ಇರಲಿ ಎಂದು ಸುಮ್ಮನಾದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಶುರುವಾಯಿತು ನಮ್ಮ ಚಿಕಿತ್ಸೆ. ಧೂಳಿಗೆ ಹನಿ, ಕೆಂಪಿಗೆ ಹನಿ, ದೊಡ್ಡ ಕಪ್ಪೆ ಕಣ್ಣಿನಂಥ ಕನ್ನಡಕ. ಯಾವುದರಿಂದಲೂ ಕಡಿಮೆಯಾಗಲಿಲ್ಲ.

ಆಮೇಲೆ ಕ್ಷೌರದಂಗಡಿಯೊಂದಕ್ಕೆ ಕತ್ತರಿಸುತ್ತಿದ್ದ ದೊಡ್ಡ ಕನ್ನಡಿ. ಗೋಡೆಯಷ್ಟಗಲದ್ದು. ಗಾಜನ್ನು ಒಂದೇ ಸಲ ಗೀರಬೇಕು, ಅದೇ ಗೆರೆಯ ಮೇಲೆ ಎರಡನೇ ಸಲ ಕಟರ್ ಓಡಿಸಿದರೆ ಎತ್ತಲೋ ಒಡೆಯುತ್ತದೆ ಎಂದು ನಿಮ್ಮಪ್ಪ ಸದಾ ಹೇಳುತ್ತಿದ್ದರಲ್ಲ, ಅವರ ಕೈಯೇ ಅವತ್ತು ಗೆರೆಯ ನಡುವೆ ನಿಂತಿತು. ಕಣ್ಣು ಮಂಜಾಗಿ ಗೆರೆ ಕಾಣದೆ ಹೋಯಿತಂತೆ. ತೋಳಿನಿಂದ ಒರೆಸಿಕೊಂಡು ಮತ್ತೆ ಗೀರಿದರು. ಮೇಜಿನ ಅಂಚಿಗೆ ಸರಿಸಿ ಒತ್ತಿದಾಗ ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಸೀಳಿಹೋಯಿತು. ಅವತ್ತು ಕಟರನ್ನು ಡ್ರಾಯರಿಗೆ ಎಸೆದವರು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಈಗ ಅಂಗಡಿಯಲ್ಲಿ ಸಿದ್ಧ ಫ್ರೇಮು, ಅಂಟು, ಮೊಳೆ ಮಾರುತ್ತೇವೆ. ನೀನು ಬಂದಾಗ "ಆರ್ಡರ್ ಕಡಿಮೆ" ಎಂದು ಹೇಳಿದ್ದೂ ಸುಳ್ಳೇ.

ನೀನು ಬಂದದ್ದು ಇದೆಲ್ಲದರ ನಡುವೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಾಗಿಲಲ್ಲಿ ನಿಂತು, "ಅವ್ನು ತಿರುಚಿದ ಅಮ್ಮ, ನಾನು ಬೀಳಲಿಲ್ಲ" ಎಂದು ನೇರವಾಗಿ ಹೇಳಿದವಳು ನೀನು. ಈ ಮನೆಯಲ್ಲಿ ನಿಜ ಹೇಳಿದವಳು ನೀನೊಬ್ಬಳೇ. ನಿನಗೆ ಏನು ಸಿಕ್ಕಿತು? ಬೆಳಿಗ್ಗೆ ಎದ್ದರೆ ಮೇಜಿನ ಎದುರು ಅಪ್ಪ. ಮುಖಕ್ಕೆ ಫ್ಯಾನು, ಕೆಂಪು ಕಣ್ಣು, ಕೆನ್ನೆಯ ಮೇಲೆ ನೀರು. ನಿನ್ನ ಕೈ ನೋಡುವುದು, ಕಣ್ಣೊರೆಸಿಕೊಳ್ಳುವುದು. ಮಗಳಿಗಾಗಿ ಅಳುತ್ತಿದ್ದಾರೆ ಎಂದು ಕಲ್ಲಿಗೂ ಅನ್ನಿಸುತ್ತಿತ್ತು.

ನನಗೂ ಹಾಗೇ ಅನ್ನಿಸಿತು, ಅದೇ ನನಗೆ ಸಿಟ್ಟು! ಧೂಳು ಅರ್ಧ, ಮಗಳ ಸಂಕಟ ಅರ್ಧ ಎಂದುಕೊಂಡೆ. ಇಷ್ಟು ವರ್ಷದಲ್ಲಿ ಒಂದು ದಿನ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ, ಅವರ ತಾಯಿ ಹೋದಾಗಲೂ ಅಂಗಡಿಯ ಲೆಕ್ಕ ಕೇಳಿದ ಮನುಷ್ಯ, ಮಗಳಿಗಾಗಿ ಕರಗಿದರಲ್ಲ ಎಂದು ನಾನೂ ಕರಗಿದೆ. ಕದ್ದು ಅವರ ತಟ್ಟೆಗೆ ಒಂದು ತುತ್ತು ಹೆಚ್ಚು ಬಡಿಸಿದೆ. ಆ ತುತ್ತನ್ನು ನೆನೆದರೆ ಈಗ ಕಿತ್ತುಕೊಂಡು ಬರೋಣ ಅನ್ನಿಸುತ್ತದೆ.

ಅದರ ಮೇಲೆ ನಿನ್ನ ಚಿಕ್ಕಪ್ಪ. ಊರಿನವರ ಬೀಗವನ್ನೆಲ್ಲ ರಿಪೇರಿ ಮಾಡುತ್ತಾನೆ, ತನ್ನ ಬಾಯಿಗೊಂದು ಬೀಗ ಮಾಡಿಕೊಳ್ಳಲಿಲ್ಲ. ಅವತ್ತು ಬಂದು ನಿನ್ನೆದುರು ಕೂತು ಅಂದದ್ದು ನೆನಪಿದೆಯಾ? "ನೋಡಮ್ಮ, ನಮ್ಮಣ್ಣ ಗಂಡಸು. ಅಂಥೋನ ಕಣ್ಣಲ್ಲಿ ನೀರು ಬರಿಸ್ಬಿಟ್ಟೆ. ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನೀನು ಇಲ್ಲೇ ಕೂತ್ರೆ ಅಣ್ಣ ಕೊರಗಿ ಕೊರಗೇ ಹೋಗ್ತಾನೆ." ನಾನು ಅವನಿಗೆ ಬಾಗಿಲು ತೋರಿಸಿದೆ. ನಿಮ್ಮಪ್ಪ ಮಾತ್ರ ಫ್ಯಾನಿನ ಎದುರು ಕೂತು ಒರೆಸಿಕೊಳ್ಳುತ್ತಿದ್ದರು. "ಅಲ್ಲ ಕಣೋ, ಇದು ಬೇರೆ" ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಅದಾದ ಮೂರನೇ ದಿನ ನೀನು ಚೀಲ ತುಂಬಿದೆ.

ಹೋದ ವಾರ ಇಂಜೆಕ್ಷನ್ನಿಗೆ ಹೋಗಿದ್ದೆವು. ಕ್ಯಾನ್ಸರಿನ ಡಾಕ್ಟರಮ್ಮ ರಿಪೋರ್ಟ್ ಓದಿ ತಲೆಯೆತ್ತಿದರೆ ನಿಮ್ಮಪ್ಪನ ಕೆನ್ನೆಯ ಮೇಲೆ ನೀರು. ಪಾಪ, ಅವರೂ ಮೋಸಹೋದರು. "ಅಯ್ಯೋ, ಅಳಬೇಡಿ, ರಿಪೋರ್ಟ್ ಚೆನ್ನಾಗೇ ಇದೆ" ಎಂದು ಸಮಾಧಾನ ಮಾಡತೊಡಗಿದರು. ನಾನೆಂದೆ, "ಅಳು ಅಲ್ಲ ಡಾಕ್ಟ್ರೇ, ಗಾಜಿನ ಧೂಳಂತೆ. ಜೊತೆಗೆ ಮಗಳ ಚಿಂತೆ."

"ಗಾಜಿನ ಕೆಲಸ ಈಗಲೂ ಮಾಡ್ತಾರಾ?"

"ಬಿಟ್ಟು ತಿಂಗಳುಗಳಾದ್ವು."

"ಬಿಟ್ಟ ಮೇಲೂ ಕಡಿಮೆ ಆಗಿಲ್ವಾ?" ಅವರು ಪೆನ್ನು ಕೆಳಗಿಟ್ಟರು. ಮರಳು ಹಾಕಿದ ಹಾಗಾಗುತ್ತದಾ, ಓದುವಾಗ ಮಂಜಾಗಿ ರೆಪ್ಪೆ ಬಡಿದರೆ ಸರಿಹೋಗುತ್ತದಾ, ಗಾಳಿಗೆ ಹೆಚ್ಚಾಗುತ್ತದಾ ಎಂದು ಒಂದೊಂದೇ ಕೇಳಿದರು. ಎಲ್ಲದಕ್ಕೂ ನಾನೇ ಹೂಂ ಎಂದೆ, ಮೇಜಿನ ಫ್ಯಾನಿನ ವಿಷಯವನ್ನೂ ಹೇಳಿದೆ. ಆಗ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಕಣ್ಣೀರು ಬರೀ ನೀರಲ್ಲವಂತೆ. ಅದರ ಮೇಲೆ ತೆಳುವಾದ ಎಣ್ಣೆಯ ಪದರ ಇರುತ್ತದೆ, ನೀರು ಆರಿಹೋಗದಂತೆ ಕಾಯುವುದು ಅದೇ. ಆ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳಿಂದ. ಆ ಗ್ರಂಥಿಗಳು ಚೆನ್ನಾಗಿ ಕೆಲಸ ಮಾಡಲು ಗಂಡು ಹಾರ್ಮೋನು ಬೇಕು. ಹಾರ್ಮೋನು ಇಳಿದರೆ ಎಣ್ಣೆ ಕಡಿಮೆಯಾಗುತ್ತದೆ, ಕೆಡುತ್ತದೆ. ಕಣ್ಣು ಒಣಗುತ್ತದೆ, ಉರಿಯುತ್ತದೆ. ಆ ಉರಿ ಆರಿಸಲು ಕಣ್ಣು ಗಾಬರಿಯಿಂದ ನೀರು ಸುರಿಸುತ್ತದೆ. ಎಣ್ಣೆಯಿಲ್ಲದ ಆ ನೀರು ಕೆನ್ನೆಗೆ ಹರಿಯುತ್ತದೆ, ಕಣ್ಣು ಮತ್ತೆ ಒಣಗುತ್ತದೆ. "ನೋಡೋರಿಗೆ ಅಳ್ತಿರೋ ಹಾಗೆ ಕಾಣುತ್ತೆ, ಆದ್ರೆ ಕಣ್ಣು ಒಣಗಿರುತ್ತೆ" ಎಂದರು. "ಇದೊಂದೇ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲ, ವಯಸ್ಸೂ ಆಗಿದೆ, ಆ ಫ್ಯಾನೂ ಇದೆ. ಆದ್ರೆ ಈ ಇಂಜೆಕ್ಷನ್ ತಗೊಳ್ಳೋರಲ್ಲಿ ಹೀಗಾಗೋದನ್ನ ನೋಡಿದೀವಿ."

ಹೆಂಗಸರ ಮೈಯಲ್ಲೂ ಆ ಹಾರ್ಮೋನು ಸ್ವಲ್ಪ ಇರುತ್ತದಂತೆ, ವಯಸ್ಸಾದಂತೆ ಇಳಿಯುತ್ತದಂತೆ. ನನ್ನ ಕಣ್ಣೂ ಎರಡು ವರ್ಷದಿಂದ ಉರಿಯುತ್ತಿದೆ. ಈರುಳ್ಳಿ ಎಂದುಕೊಂಡಿದ್ದೆ. ನನ್ನನ್ನು ಕೇಳುವವರು ಯಾರು!

ನಾನು ಸಿಟ್ಟಿಗೆದ್ದೆ. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. ಡಾಕ್ಟರಮ್ಮ, "ಬೆವರು, ಸುಸ್ತು, ಮೂಳೆ, ಎಲ್ಲಾ ಹೇಳಿದ್ದೆ. ಕಣ್ಣಿನ ಮಾತು ನಾನು ಎತ್ತಲಿಲ್ಲ, ನಿಜ. ನೀವೂ ಒಂದು ಸಲಾನೂ ಹೇಳಲಿಲ್ಲ" ಎಂದರು. ಹೇಳಲು ನಿಮ್ಮಪ್ಪ ಬಿಟ್ಟರೆ ತಾನೆ? ಈ ಕೋಣೆಯಲ್ಲಿ ಕಣ್ಣಿನ ಮಾತಿಲ್ಲ, ಆ ಕೋಣೆಯಲ್ಲಿ ಕ್ಯಾನ್ಸರಿನ ಮಾತಿಲ್ಲ. ಮನುಷ್ಯ ಒಬ್ಬನೇ ಎನ್ನುವುದು ಇಬ್ಬರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ನಿಮ್ಮಪ್ಪ ಬಾಯಿಬಿಟ್ಟರು. ಏನೆಂದರು ಗೊತ್ತಾ? "ಹಾಗಾದ್ರೆ ಇಂಜೆಕ್ಷನ್ ನಿಲ್ಲಿಸ್ಬಿಡಿ. ಎಲ್ಲಾ ಸರಿಹೋಗುತ್ತೆ." ಮುಖದಲ್ಲಿ ಎಂಥಾ ಆಸೆ! ಕಣ್ಣಿನ ನೆಪದಲ್ಲಿ ಅವರಿಗೆ ಬೇಕಾಗಿದ್ದದ್ದು ಬೇರೆಯೇ. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ನಾನು ಮೇಜು ಗುದ್ದಿದೆ. "ಗಂಡಸಾಗಿ ಸಾಯೋದು ಅಷ್ಟು ಇಷ್ಟವಾ? ಹಾಗಿದ್ರೆ ಮನೆಗೆ ಬನ್ನಿ, ನಾನೇ ಕೊಲ್ತೀನಿ, ಬಸ್ ಚಾರ್ಜಾದ್ರೂ ಉಳಿಯುತ್ತೆ." ನರ್ಸ್ ನಗುತ್ತಾ ಹೊರಗೆ ಹೋದಳು. ನಿಲ್ಲಿಸುವ ಮಾತೇ ಇಲ್ಲ, ಕಣ್ಣಿಗೆ ಬೇರೆ ದಾರಿ ಇದೆ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದರು. ಅಂಗಿ ಎತ್ತಿಸಿ ಇಂಜೆಕ್ಷನ್ ಹಾಕಿಸಿಯೇ ಕರೆತಂದೆ.

ಮಾರನೆಯ ದಿನ ಮತ್ತೆ ಕಣ್ಣಿನ ಡಾಕ್ಟರ ಹತ್ತಿರ. ಅವನು ಹಳೆಯ ಚೀಟಿ ನೋಡಿ, "ಮಂಡಿಗೆ ಅಂದಿದ್ರಲ್ಲ?" ಎಂದ. ಬಾಗಿಲು ತೆರೆದಿತ್ತು, ಹೊರಗೆ ಬೆಂಚಿನ ತುಂಬ ಜನ. ನಾನು ಬೇಕೆಂದೇ ಗಟ್ಟಿಯಾಗಿ ಹೇಳಿದೆ, "ಮಂಡಿ ಗುಂಡುಕಲ್ಲಿನ ಹಾಗಿದೆ ಡಾಕ್ಟ್ರೇ. ಇವರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಹಾರ್ಮೋನ್ ನಿಲ್ಲಿಸೋ ಇಂಜೆಕ್ಷನ್ ಅದು." ನಿಮ್ಮಪ್ಪ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಓದುವವರಂತೆ ನೋಡುತ್ತಾ ಕೂತರು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೆಂಚಿನಲ್ಲಿದ್ದ ಒಬ್ಬ ಮುದುಕ, "ನನಗೂ ಅದೇ ಕಣಮ್ಮ" ಎಂದ, ಅಷ್ಟೇ. ಡಾಕ್ಟರ್ ರೆಪ್ಪೆಯ ಅಂಚನ್ನು ಒತ್ತಿ ನೋಡಿದ. ತೆಳ್ಳಗೆ ಎಣ್ಣೆಯಂತೆ ಬರಬೇಕಾದದ್ದು ಟೂತ್‌ಪೇಸ್ಟಿನ ಹಾಗೆ ಗಟ್ಟಿಯಾಗಿ ಬಂತು. "ಇದನ್ನ ನಾನು ಮೊದಲೇ ನೋಡ್ಬೇಕಿತ್ತು" ಎಂದು ಒಪ್ಪಿಕೊಂಡ. ಅಷ್ಟರಮಟ್ಟಿಗೆ ಅವನು ನಿಮ್ಮಪ್ಪನಿಗಿಂತ ಮೇಲು.

ಈಗ ದಿನಕ್ಕೆರಡು ಸಲ ಬಿಸಿನೀರಿನ ಬಟ್ಟೆ ಹಿಂಡಿ ಕಣ್ಣಿನ ಮೇಲಿಡಬೇಕು. ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ಒತ್ತಿ ನೀವಬೇಕು, ಕಣ್ಣೀರಿನಂಥದೇ ಹನಿ ಹಾಕಬೇಕು. ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿದ್ದೇನೆ. ನೀವುವ ಕೆಲಸ ನನ್ನದೇ, ಅವರು ಮಾಡಿಕೊಂಡರೆ ಕಣ್ಣಿಗೇ ಚುಚ್ಚಿಕೊಳ್ಳುತ್ತಾರೆ. ಎಷ್ಟೇ ಕೋಪವಿದ್ದರೂ ಕೈ ಮೆತ್ತಗಿಡಬೇಕಲ್ಲ, ಅದು ನನ್ನ ಕರ್ಮ. ಸ್ವಲ್ಪ ವಾಸಿ. ನಿನ್ನೆ ಡ್ರಾಯರಿನಿಂದ ಕಟರ್ ತೆಗೆದು, ಹಳೆಯ ಕಿಟಕಿಯ ತುಂಡೊಂದರ ಮೇಲೆ ಗೆರೆ ಎಳೆದು ನೋಡುತ್ತಿದ್ದರು. ನೋಡಿಯೂ ನೋಡದಂತೆ ಇದ್ದೆ.

ನಿನ್ನ ಚಿಕ್ಕಪ್ಪನ ಅಂಗಡಿಗೂ ಹೋಗಿದ್ದೆ. ಗಿರಾಕಿಗಳ ಎದುರಿಗೇ ಹೇಳಿದೆ. "ನಿಮ್ಮಣ್ಣ ಕೊರಗ್ತಾ ಇರ್ಲಿಲ್ಲ, ಅವರ ಕಣ್ಣಲ್ಲಿ ಎಣ್ಣೆ ಇರ್ಲಿಲ್ಲ. ಅದಕ್ಕೆ ನನ್ನ ಮಗಳನ್ನ ಕೈ ಮುರಿಯೋನ ಮನೆಗೆ ಕಳಿಸಿದೆಯಲ್ಲೋ." ಅವನು, "ಅತ್ತಿಗೆ, ನನಗೇನು ಗೊತ್ತಿತ್ತು" ಎಂದ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತು, ಆ ವಿದ್ಯೆ ಅವನಿಗೆ ಯಾರೂ ಕಲಿಸಲಿಲ್ಲ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆಗೆ ನಾವು ನಗುತ್ತಿದ್ದೆವಲ್ಲ. ನಮ್ಮ ಮನೆಯಲ್ಲಿ ಜಟ್ಟಿಯೂ ಬಿದ್ದ, ಮೀಸೆಯೂ ಉಳಿಯಿತು, ಆ ಮೀಸೆಗೆ ಮಣ್ಣು ತಾಗದಿರಲೆಂದು ನಿನ್ನನ್ನು ಕೆಳಗೆ ಹಾಸಿದರು. ನನಗೆ ನಿಮ್ಮಪ್ಪನ ಹಾರ್ಮೋನಿನ ಮೇಲೆ ಸಿಟ್ಟಿಲ್ಲ. ಕಾಯಿಲೆ ಯಾರಿಗೂ ಬರಬಹುದು. ಹಾರ್ಮೋನು ಇಲ್ಲದೆಯೂ ಅವರು ನನ್ನ ಗಂಡನೇ, ನಿನ್ನ ಅಪ್ಪನೇ, ಅದರಲ್ಲಿ ಮುಚ್ಚಿಡುವುದು ಏನಿತ್ತು?

ಆದ್ದರಿಂದ ಕೇಳು. ಆ ನೀರು ನಿನ್ನದಲ್ಲ. ಅದಕ್ಕಾಗಿ ನೀನು ಆ ಮನೆಯಲ್ಲಿ ಒಂದು ರಾತ್ರಿಯೂ ಇರಬೇಕಾಗಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನೀನು ಬಂದರೆ ಬೀದಿ ಮಾತಾಡುತ್ತದೆ. ಮಾತಾಡಲಿ. ಅವರ ಬಾಯಿಗೆ ಕೆಲಸ ಕೊಡಲು ಈಗ ನಮ್ಮಲ್ಲಿ ಕ್ಯಾನ್ಸರ್ ಇದೆ, ನಿನ್ನ ಸರದಿ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ.

ಕೈ ಜೋಪಾನ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬೆರಳು ಮೊದಲಿನಂತೆ ಗಟ್ಟಿಯಾಗಲಿ, ನೂರು ಕಾಲ ಬಾಳು.

ನಿನ್ನ ದಾರಿ ಕಾಯುವ,
ಅಮ್ಮ

ಮರೆತ ಮಾತು:

ಮರೆತದ್ದಲ್ಲ, ಈಗ ತಾನೇ ಗೊತ್ತಾದದ್ದು. ಪತ್ರ ಮಡಿಸುತ್ತಿದ್ದಾಗ ನಿಮ್ಮಪ್ಪ ಬಂದು ಕೈ ಚಾಚಿದರು. ಕೊಟ್ಟೆ. ನಡುನಡುವೆ ಹನಿ ಹಾಕಿಕೊಳ್ಳುತ್ತಾ ಪೂರ್ತಿ ಓದಿದರು. ಒಂದು ಸಾಲನ್ನೂ ಹೊಡೆದುಹಾಕು ಎನ್ನಲಿಲ್ಲ. ಆಮೇಲೆ ಮೇಜಿನ ಮೇಲಿನ ಗಾಜಿನ ಪುಡಿಯನ್ನು ಬ್ರಶ್ಶಿನಿಂದ ಗುಡಿಸುತ್ತಾ, ನನ್ನ ಮುಖ ನೋಡದೆ, "ಅವ್ಳು ಕೇಳಿದ್ಲು" ಎಂದರು.

ಏನು ಕೇಳಿದಳು ಎಂದೆ. ನಾನು ಫ್ರೇಮು ತಲುಪಿಸಲು ಹೋಗಿದ್ದ ಸಂಜೆ ನೀನು ಅಂಗಡಿಗೆ ಬಂದೆಯಂತೆ. "ಅಪ್ಪ, ನನ್ನಿಂದಾನಾ ನೀನು ಅಳ್ತಿರೋದು?" ಎಂದು ಕೇಳಿದೆಯಂತೆ. ಅವರು "ಹೂಂ" ಎಂದರಂತೆ.

"ಮತ್ತೇನು ಹೇಳ್ಲಿ? ಅಲ್ಲ ಅಂದ್ರೆ, ಮತ್ತೆ ಯಾಕೆ ಅಂತ ಕೇಳ್ತಿದ್ಲು" ಎಂದರು.

ಆ ರಾತ್ರಿಯೇ ನೀನು ಬಟ್ಟೆ ಮಡಿಸಿದ್ದು ಯಾಕೆಂದು ನನಗೆ ಇವತ್ತು ತಿಳಿಯಿತು. ಬಸ್ ಸ್ಟ್ಯಾಂಡಿನಲ್ಲೂ ನೀನು ಇದನ್ನು ನನಗೆ ಹೇಳಲಿಲ್ಲ, ಅಪ್ಪನ ಮರ್ಯಾದೆ ಕಾಪಾಡಿದೆ. ಒಂದು "ಹೂಂ"ಗೆ ನಿನ್ನನ್ನು ಕೊಟ್ಟುಬಿಟ್ಟರಲ್ಲೇ.

ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಅವರ ಕೈಯಲ್ಲೇ ಕೊಟ್ಟು ನಾಳೆ ಮೊದಲ ಬಸ್ಸಿಗೆ ಹತ್ತಿಸುತ್ತೇನೆ. ನೀನು ಇದನ್ನು ಓದುತ್ತಿರುವಾಗ ಅವರು ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾರೆ. ಬಸ್ಸಿನ ಕಿಟಕಿಯ ಗಾಳಿಗೆ ಕಣ್ಣು ಸುರಿಯುತ್ತಿರುತ್ತದೆ. ಕರಗಬೇಡ. ಕೂರಿಸಬೇಡ, ನೀರು ಕೊಡಬೇಡ. ಸಂಜೆ ಅವರ ಜೊತೆ ಇಲ್ಲಿಗೆ ಬಂದುಬಿಡು, ಬಟ್ಟೆ ತರಲೆಂದು ಆ ಮನೆಗೆ ಹೋಗಬೇಡ, ಬಟ್ಟೆ ಹೊಲಿಸಿಕೊಂಡರಾಯಿತು. ಆದರೆ ಅದಕ್ಕೂ ಮೊದಲು, ನಿನ್ನ ಜೊತೆ ಕೆಲಸ ಮಾಡುವವರೆಲ್ಲ ಕೇಳುವಂತೆ, ಅವತ್ತು ಕೇಳಿದ್ದನ್ನೇ ನಿಮ್ಮಪ್ಪನನ್ನು ಇನ್ನೊಂದು ಸಲ ಕೇಳು.